ಬೈಯದ ಡಾಕ್ಟರು

ಬ್ರೇಕಕ್ಕನ ಬೈಗುಳ ತಿನ್ನದೆ ಗಾಡಿ ಕಲಿತವರು ಆ ಊರಿನಲ್ಲಿ ಒಬ್ಬರೂ ಸಿಗಲಾರರು. ಔಷಧಿ ಅಂಗಡಿಯ ಮಹಡಿಯ ಮೇಲೆ ಅವಳ ಡ್ರೈವಿಂಗ್ ಸ್ಕೂಲು. ಸ್ಕೂಲು ಅಂದರೆ ಒಂದು ಕೋಣೆ, ಸಿಗ್ನಲ್ಲುಗಳ ಚಿತ್ರ ಅಂಟಿಸಿದ ಒಂದು ಹಲಗೆ, ಕೂತರೆ ಕಿರ್ರೆನ್ನುವ ಎರಡು ಕುರ್ಚಿ, ಕೆಳಗೆ ರಸ್ತೆ ಬದಿಯಲ್ಲಿ ನಿಂತ ಒಂದು ಬಿಳಿ ಕಾರು. ಕಲಿಯುವವರು ಸ್ಟೀರಿಂಗ್ ಹಿಡಿದರೆ ಪಕ್ಕದ ಸೀಟಿನಲ್ಲಿ ಅವಳು, ಅವಳ ಕಾಲಡಿಗೆ ಇನ್ನೊಂದು ಬ್ರೇಕು. ಎದುರಿಗೆ ಎಲ್ಲರೂ ಮೇಡಂ ಅನ್ನುತ್ತಿದ್ದರು, ಬೆನ್ನ ಹಿಂದೆ ಬ್ರೇಕಕ್ಕ. ಅದು ಅವಳಿಗೆ ಗೊತ್ತಿತ್ತು, ಒಳಗೊಳಗೇ ಹೆಮ್ಮೆಯೂ ಇತ್ತು.

ಅವಳು ಕಲಿಸುವ ರೀತಿ ಮಾತ್ರ ಹೊರಗಿನವರಿಗೆ ತಲೆಬುಡ ತಿಳಿಯುವಂಥದ್ದಲ್ಲ. ಇವನ ಕೈಗೆ ಗಾಡಿ ಒಲಿಯುತ್ತದೆ ಎಂದು ಅನ್ನಿಸಿತೋ, ಆ ದಿನದಿಂದಲೇ ಅವನಿಗೆ ಮಂಗಳಾರತಿ ಶುರು. ಅದು ಕಾಲೋ ಒನಕೆಯೋ ಎನ್ನುವಳು. ಕನ್ನಡಿ ಇಟ್ಟಿರುವುದು ತಲೆ ಬಾಚಿಕೊಳ್ಳುವುದಕ್ಕಲ್ಲ ಎನ್ನುವಳು. ಕಾಲೇಜಿನ ಹುಡುಗಿಯರು ಅತ್ತುಕೊಂಡು ಇಳಿದು ಹೋಗಿ, ಮರುದಿನ ಮೂಗು ಒರೆಸಿಕೊಂಡು ಬಂದು, ತಿಂಗಳೊಳಗೆ ಲೈಸೆನ್ಸು ತಗೊಂಡು ಸಿಹಿ ಹಂಚುತ್ತಿದ್ದರು. ಆದರೆ ಕೆಲವರಿರುತ್ತಾರೆ, ಏನು ಮಾಡಿದರೂ ಅವರಿಗೂ ಗಾಡಿಗೂ ಎಣ್ಣೆ ಸೀಗೇಕಾಯಿ. ಅವರಿಗೆ ಬ್ರೇಕಕ್ಕ ಒಂದು ಗಟ್ಟಿ ಮಾತೂ ಆಡಿದವಳಲ್ಲ. ತುಂಬಾ ಚೆನ್ನಾಗಿದೆ, ಹಾಗೇ ಮಾಡಿ, ಪರವಾಗಿಲ್ಲ, ನಿಧಾನವಾಗಿ ಬರುತ್ತೆ ಎಂದು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡಿ, ತನ್ನ ಕಾಲಡಿಯ ಬ್ರೇಕಿನಿಂದಲೇ ಗಾಡಿ ಕಾಪಾಡಿಕೊಂಡು, ಕೋರ್ಸು ಮುಗಿಸಿ ಕೈಮುಗಿದು ಕಳಿಸಿಬಿಡುತ್ತಿದ್ದಳು. ಬಾರದ ವಿದ್ಯೆಗೆ ಬೈಗುಳವನ್ನೂ ಸೇರಿಸಿ ಯಾಕೆ ನೋಯಿಸಬೇಕು ಎಂಬುದು ಅವಳ ಲೆಕ್ಕ. ಈ ಗುಟ್ಟನ್ನು ಅವಳು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಬೈದು ಹೇಳುವವರು ಬದುಕುವುದಕ್ಕೆ ಹೇಳುತ್ತಾರೆ, ನಗುತ್ತಾ ಹೇಳುವವರು ಕೆಡುವುದಕ್ಕೆ ಹೇಳುತ್ತಾರೆ ಎಂದು ಅವಳ ಅತ್ತೆ ಮಾತಿಗೊಮ್ಮೆ ಅನ್ನುತ್ತಿದ್ದರು. ಅತ್ತೆಯ ಬೇರೆ ಯಾವ ಮಾತಿಗೂ ತಲೆದೂಗದ ಸೊಸೆ ಈ ಒಂದು ಮಾತನ್ನು ಮಾತ್ರ ಒಪ್ಪಿಕೊಂಡಿದ್ದಳು.

ಮನೆಯಲ್ಲಿ ಮೂರೇ ಜನ. ಅವಳು, ಅತ್ತೆ, ಗಂಡ. ಗಂಡ ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಗಾಜನ್ನು ಫ್ರೇಮಿಗೆ ಹೊಂದುವಂತೆ ಉಜ್ಜಿ ಕೂರಿಸುವವನು. ಮೆತ್ತನೆಯ ಬಟ್ಟೆಯ ತುಂಡೊಂದು ಯಾವಾಗಲೂ ಅವನ ಜೇಬಿನಲ್ಲಿ. ಮಾತು ಕಡಿಮೆ, ಯೋಚನೆ ಹೆಚ್ಚು. ಅವನು ಅವಳಿಗೆ ಸಿಕ್ಕಿದ್ದೇ ಶಿಷ್ಯನಾಗಿ. ಗಾಡಿ ಕಲಿಯಲು ಬಂದವನು ಒಮ್ಮೆ ಟೆಸ್ಟಿನಲ್ಲಿ ಫೇಲಾಗಿ, ಮುಂದಿನ ಸಲ ನೋಡೋಣ ಅನ್ನುವುದರೊಳಗೆ ಮೇಡಂ ಅನ್ನೇ ಮದುವೆಯಾಗಿಬಿಟ್ಟ. ಆ ಮೇಲೆ ಲೈಸೆನ್ಸಿನ ಮಾತು ಯಾರೂ ಎತ್ತಲಿಲ್ಲ. ಅವಳನ್ನು ಈಗಲೂ ಅವನು ಕರೆಯುವುದು ಮೇಡಂ ಎಂದೇ. ಮನೆಗೆ ಬಂದ ನೆಂಟರೆದುರು ಆಗಾಗ, ನಾನು ಬಿಟ್ಟುಬಿಟ್ಟೆ ಅಷ್ಟೆ, ಓಡಿಸುವುದೇನೋ ಚೆನ್ನಾಗಿಯೇ ಓಡಿಸುತ್ತಿದ್ದೆ, ಬೇಕಾದರೆ ಮೇಡಂನೇ ಕೇಳಿ, ಒಂದು ದಿನವೂ ಬೈಸಿಕೊಂಡವನಲ್ಲ ಎನ್ನುತ್ತಿದ್ದ. ಆಗೆಲ್ಲ ಬ್ರೇಕಕ್ಕನಿಗೆ ಅಡುಗೆಮನೆಯಲ್ಲಿ ಏನೋ ಕೆಲಸ ನೆನಪಾಗುತ್ತಿತ್ತು.

ಕಾಯಿಲೆ ಸದ್ದಿಲ್ಲದೆ ಬಂತು. ವರ್ಷಗಳ ಹಿಂದೆ ರಕ್ತ ಕೊಡಲು ಹೋಗಿದ್ದಾಗ ಅವಳ ರಕ್ತದಲ್ಲಿ ಕಾಮಾಲೆಯ ವೈರಸ್ಸು ಇದೆ ಎಂದು ಗೊತ್ತಾಗಿತ್ತು. ಹುಟ್ಟುವಾಗಲೇ ತಾಯಿಯಿಂದ ಬಂದಿರಬೇಕು, ದಿನಾ ಒಂದು ಮಾತ್ರೆ ತಗೊಳ್ಳಿ, ಆರು ತಿಂಗಳಿಗೊಮ್ಮೆ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿ ಎಂದಿದ್ದರು. ಕಾರಿಗೆ ಸರ್ವಿಸ್ ಮಾಡಿಸುವಷ್ಟೇ ಶಿಸ್ತಿನಿಂದ ಅವಳು ಮಾಡಿಸುತ್ತ ಬಂದಿದ್ದಳು. ಈ ಸಲದ ಸ್ಕ್ಯಾನಿಂಗಿನಲ್ಲಿ ಲಿವರಿನ ಬಲಭಾಗದಲ್ಲಿ ಒಂದು ಗೆಡ್ಡೆ ಕಂಡಿತು, ನಿಂಬೆಹಣ್ಣಿಗಿಂತ ಚಿಕ್ಕದು. ಇನ್ನೂ ಎರಡು ಪರೀಕ್ಷೆಯಾದ ಮೇಲೆ ಕ್ಯಾನ್ಸರ್ ಎಂದರು.

ಅವಳಿಗೆ ನಂಬಿಕೆಯೇ ಬರಲಿಲ್ಲ. ನೋವಿಲ್ಲ, ಜ್ವರವಿಲ್ಲ, ತಿಂದದ್ದು ಮೈಗೆ ಹತ್ತುತ್ತಿದೆ. ಗಾಡಿ ಕೆಡುವ ಮುಂಚೆ ಎಲ್ಲೋ ಒಂದು ಕಡೆ ಸದ್ದು ಮಾಡಲೇಬೇಕಲ್ಲ, ಇದೇನು ಹೀಗೆ ಎಂದು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೂತಳು. ಲಿವರ್ ಅಂದರೆ ಕುಡಿತ ಎಂದು ಲೋಕವೇ ತೀರ್ಮಾನಿಸಿಬಿಟ್ಟಿದೆ. ಪಕ್ಕದ ಮನೆಯಾಕೆ ದನಿ ತಗ್ಗಿಸಿ ಅತ್ತೆಯನ್ನು ವಿಚಾರಿಸಿದಳಂತೆ, ನಿಮ್ಮ ಸೊಸೆ ಗುಟ್ಟಾಗಿ ತಗೊಳ್ತಿದ್ದಳಾ ಎಂದು. ಅವಳು ಕುಡಿಯುತ್ತಿದ್ದರೆ ಇಷ್ಟು ಬೈಯುವುದಕ್ಕೆ ನಾಲಿಗೆ ಹೊರಳುತ್ತಿತ್ತೇನಮ್ಮ ಎಂದು ಅತ್ತೆ ಅವಳ ಬಾಯಿ ಮುಚ್ಚಿಸಿದ್ದರು.

ಗಂಡನೊಂದಿಗೆ ಸರ್ಜನ್ನರ ಕೋಣೆಯ ಹೊರಗೆ ಕಾಯುವಾಗ ಒಂದು ಸಂಗತಿ ನಡೆಯಿತು. ಒಳಗೊಬ್ಬ ರೋಗಿ ಇದ್ದ. ಬಾಗಿಲು ಅರ್ಧ ತೆರೆದಿತ್ತು. ಸರ್ಜನ್ನರು ಅವನ ಮೇಲೆ ಕೂಗಾಡುತ್ತಿದ್ದರು. ಹೋದ ವರ್ಷವೇ ಬಾ ಅಂದರೆ ಬರಲಿಲ್ಲ, ಕುಡಿಯಬೇಡ ಅಂದರೆ ಬಿಡಲಿಲ್ಲ, ಈಗ ಬಂದು ಕೂತರೆ ನಾನೇನು ಮಾಡಲಿ ಎಂದು ದನಿ ಏರಿತ್ತು. ಆ ಮನುಷ್ಯ ತಲೆ ತಗ್ಗಿಸಿಕೊಂಡು ಹೊರಗೆ ಬಂದ. ಬ್ರೇಕಕ್ಕನಿಗೆ ಅವನನ್ನು ಕಂಡು ಹೊಟ್ಟೆಕಿಚ್ಚಾಯಿತು. ಇಷ್ಟು ಬೈಸಿಕೊಂಡಿದ್ದಾನೆ, ಇವನು ಖಂಡಿತ ಬದುಕುತ್ತಾನೆ ಎಂದುಕೊಂಡಳು.

ಆಮೇಲೆ ಅವಳ ಸರದಿ. ಅದೇ ಸರ್ಜನ್ನರು ಎದ್ದು ನಿಂತು ಕುರ್ಚಿ ಎಳೆದು ಕೊಟ್ಟರು. ನೀರು ಬೇಕಾ ಎಂದು ಕೇಳಿದರು. ದನಿ ಎಷ್ಟು ಮೆತ್ತಗಾಗಿತ್ತೆಂದರೆ, ಹೊರಗೆ ಕೂಗಾಡಿದವರು ಇವರೇನಾ ಎಂದು ಅನುಮಾನವಾಗುತ್ತಿತ್ತು. ಒಂದು ಹಾಳೆಯ ಮೇಲೆ ಲಿವರಿನ ಚಿತ್ರ ಬರೆದು ನಿಧಾನವಾಗಿ ತಿಳಿಸಿದರು. ಗೆಡ್ಡೆ ಒಂದೇ ಇದೆ, ಚಿಕ್ಕದು, ದೊಡ್ಡ ರಕ್ತನಾಳಗಳಿಗೆ ಹೋಗಿಲ್ಲ, ಉಳಿದ ಲಿವರ್ ಗಟ್ಟಿಮುಟ್ಟಾಗಿದೆ. ಆ ಭಾಗವನ್ನು ಕತ್ತರಿಸಿ ತೆಗೆಯಬಹುದು, ಉಳಿದದ್ದು ಕೆಲವು ತಿಂಗಳಲ್ಲಿ ಬೆಳೆದು ತುಂಬಿಕೊಳ್ಳುತ್ತದೆ. ನಿಮ್ಮಂಥವರು ನೂರು ಜನಕ್ಕೆ ಈ ಆಪರೇಷನ್ ಮಾಡಿದರೆ ಐದು ವರ್ಷದ ಮೇಲೂ ಸುಮಾರು ಎಪ್ಪತ್ತು ಜನ ಬದುಕಿರುತ್ತಾರೆ ಎಂದರು. ಆದರೆ ಅರ್ಧಕ್ಕಿಂತ ಹೆಚ್ಚು ಜನರಿಗೆ ಅಷ್ಟರೊಳಗೆ ಲಿವರಿನಲ್ಲಿ ಇನ್ನೊಂದು ಕಡೆ ಗೆಡ್ಡೆ ಮತ್ತೆ ಕಾಣಿಸಿಕೊಳ್ಳಬಹುದು ಎಂದೂ ಅದೇ ದನಿಯಲ್ಲಿ ಸೇರಿಸಿದರು. ಯೋಚನೆ ಮಾಡಿ, ಆದರೆ ತುಂಬಾ ದಿನ ಬೇಡ, ಒಂದು ವಾರದಲ್ಲಿ ತಿಳಿಸಿ ಎಂದು ಬಾಗಿಲವರೆಗೂ ಬಂದು ಕಳಿಸಿಕೊಟ್ಟರು.

ಬಾಗಿಲವರೆಗೂ ಬಂದರಲ್ಲ, ಅಲ್ಲಿಗೆ ಅವಳಿಗೆ ಎಲ್ಲ ತಿಳಿದುಹೋಯಿತು. ಬಾರದ ಶಿಷ್ಯರನ್ನು ಅವಳು ಕಳಿಸಿಕೊಡುತ್ತಿದ್ದದ್ದೂ ಹೀಗೇ, ಮೆಟ್ಟಿಲಿಳಿದು ರಸ್ತೆಯವರೆಗೆ.

ಗಂಡನಿಗೆ ಖುಷಿಯೋ ಖುಷಿ. ಬೇಗ ಸಿಕ್ಕಿದೆ, ತೆಗೆಯಬಹುದು ಅಂದರಲ್ಲ ಮೇಡಂ ಎಂದು ದಾರಿಯುದ್ದಕ್ಕೂ ಅದನ್ನೇ ಹೇಳಿದ. ಅವಳು ಗಾಡಿ ಓಡಿಸುತ್ತ ಲೆಕ್ಕ ಹಾಕುತ್ತಿದ್ದಳು. ಎಪ್ಪತ್ತು ಜನ ಬದುಕುತ್ತಾರೆ. ಅರ್ಧಕ್ಕಿಂತ ಹೆಚ್ಚು ಜನರಿಗೆ ಮತ್ತೆ ಬರುತ್ತದೆ. ಎಪ್ಪತ್ತಕ್ಕೆ ಐವತ್ತು ಚಿಲ್ಲರೆ ಸೇರಿಸಿದರೆ ನೂರು ಮೀರಿತು. ನೂರು ಜನರ ಲೆಕ್ಕದಲ್ಲಿ ಈ ಹೆಚ್ಚಿನ ಜನ ಎಲ್ಲಿಂದ ಬಂದರು? ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಿದ್ದಾರೆ, ಅತ್ತಲೂ ಬೆಳಕು, ಇತ್ತಲೂ ಬೆಳಕು, ನಾನು ನಿಂತಿರುವ ಕಡೆ ಮಾತ್ರ ಕತ್ತಲೆ ಎಂದುಕೊಂಡಳು. ಮತ್ತೆ ಮತ್ತೆ ಕೂಡಿಸಿದಳು, ಕಳೆದಳು, ಒಂದು ಸಿಗ್ನಲ್ಲಿನಲ್ಲಿ ಹಸಿರು ಬಿದ್ದರೂ ಹೊರಡಲಿಲ್ಲ. ಜನ್ಮದಲ್ಲಿ ಮೊದಲ ಸಲ ಹಿಂದಿನವರು ಅವಳಿಗೆ ಹಾರ್ನ್ ಮಾಡಿದರು.

ವಾರ ಕಳೆಯಿತು. ಆಸ್ಪತ್ರೆಯಿಂದ ಫೋನು ಬಂದರೆ, ಟೆಸ್ಟಿನ ಸಮಯ, ಶಿಷ್ಯರನ್ನು ನಡುನೀರಿನಲ್ಲಿ ಬಿಡೋಕಾಗಲ್ಲ ಎಂದಳು. ಇನ್ನೊಂದು ವಾರ ಕಳೆದ ಮೇಲೆ ಸರ್ಜನ್ನರೇ ಫೋನು ಮಾಡಿದರು. ಗದರಿದರೆ ಸಾಕು, ಆಪರೇಷನ್ನಿಗೆ ಹೋಗಿ ಮಲಗಿಬಿಡುತ್ತೇನೆ ಎಂದು ಅವಳು ಫೋನನ್ನು ಕಿವಿಗೊತ್ತಿ ಕಾದಳು. ಅವರು ಗದರಲಿಲ್ಲ. ನಿಮ್ಮ ಭಯ ನನಗೆ ಅರ್ಥವಾಗುತ್ತೆ, ಆದರೆ ತಡ ಮಾಡಿದಷ್ಟೂ ಇದು ಬೆಳೆಯುತ್ತೆ, ಬೆಳೆದರೆ ನಾನು ಮಾಡಬಹುದಾದದ್ದು ಕಡಿಮೆಯಾಗುತ್ತೆ ಎಂದು ಮೊದಲಿಗಿಂತ ಮೆತ್ತಗೆ ಹೇಳಿದರು. ಇಷ್ಟು ಮೆತ್ತಗೆ ಅವಳು ಮಾತಾಡಿದ್ದು ಒಬ್ಬನೇ ಒಬ್ಬ ಶಿಷ್ಯನೊಂದಿಗೆ. ಅವನು ಟೆಸ್ಟಿನ ದಿನ ಗಾಡಿಯನ್ನು ಗೋಡೆಗೆ ಹತ್ತಿಸಿದ್ದ.

ಇತ್ತ ಅತ್ತೆ ಬಾಯಿಗೆ ಬೀಗ ಹಾಕಿಕೊಂಡು ಓಡಾಡುತ್ತಿದ್ದರು. ಗಂಡ ದಿನಾ ಸಂಜೆ, ಏನು ತೀರ್ಮಾನ ಮಾಡಿದೆ ಎಂದು ಕೇಳುವುದು, ಅವಳು ನೋಡೋಣ ಅನ್ನುವುದು. ಕೊನೆಗೊಂದು ಮಧ್ಯಾಹ್ನ ಅವನು ಅಂಗಡಿಗೆ ರಜೆ ಹಾಕಿ, ಅವಳು ಗಾಡಿ ಕಲಿಸುವ ಬಯಲಿಗೇ ಬಂದ. ಶಿಷ್ಯೆಯೊಬ್ಬಳು ಆಗಷ್ಟೇ ಇಳಿದು ಹೋಗಿದ್ದಳು. ಬ್ರೇಕಕ್ಕ ಪಕ್ಕದ ಸೀಟಿನಲ್ಲೇ ಕೂತಿದ್ದಳು. ಅವನು ಬಂದು ಡ್ರೈವರ್ ಸೀಟಿನಲ್ಲಿ ಕೂತ. ಎದುರಿಗೆ ಎಂಟರ ಆಕಾರದಲ್ಲಿ ನೆಟ್ಟ ಗೂಟಗಳು, ಎರಡು ಮುರಿದಿದ್ದವು.

ಅವಳು ಎದುರಿಗೆ ನೋಡಿಕೊಂಡೇ ಹೇಳಿದಳು, "ನಾನು ಆಪರೇಷನ್ ಮಾಡಿಸ್ಕೊಳ್ಳಲ್ಲ ರೀ. ಅದು ಆಗದ ಕೆಲಸ."

ಆಗುತ್ತೆ ಎಂದು ಡಾಕ್ಟರೇ ಹೇಳಿದ್ದಾರಲ್ಲ ಎಂದ ಅವನು.

"ಹೇಳಿದ್ರು. ಎಷ್ಟು ಮೆತ್ತಗೆ ಹೇಳಿದ್ರು ನೋಡಿದ್ರಾ? ನನಗಿಂತ ಮುಂಚೆ ಹೋದವನಿಗೆ ಹೇಗೆ ಬೈದ್ರು, ನನಗೆ ಒಂದು ಮಾತಾದ್ರೂ ಬೈದ್ರಾ? ನಾನೂ ಇಷ್ಟು ವರ್ಷದಿಂದ ಅದೇ ಕೆಲಸ ಮಾಡ್ತಿರೋಳು. ಬರೋರಿಗೆ ಬೈತೀನಿ. ಬರದೇ ಇರೋರಿಗೆ ಚೆನ್ನಾಗಿದೆ ಅಂತೀನಿ."

ಬಾಯಿಂದ ಬಂದ ಮೇಲೆ ಅವಳಿಗೆ ತಾನು ಏನು ಹೇಳಿದೆ ಎಂದು ತಿಳಿಯಿತು. ಅವನು ಕನ್ನಡಕ ತೆಗೆದ. ಜೇಬಿನ ಬಟ್ಟೆ ತೆಗೆದು ಒರೆಸತೊಡಗಿದ. ಅದರಲ್ಲಿ ಒರೆಸುವಂಥದ್ದು ಏನೂ ಇರಲಿಲ್ಲ. ತುಂಬಾ ಹೊತ್ತು ಒರೆಸಿದ.

"ನನಗೆ ನೀನು ಒಂದು ದಿನಾನೂ ಬೈಲಿಲ್ಲ," ಎಂದ.

ನೆಂಟರೆದುರಿನ ಅವನ ಜಂಬವೆಲ್ಲ ಒಂದೊಂದಾಗಿ ಅವಳ ಕಣ್ಣ ಮುಂದೆ ಬಂದಿತು. ಆ ಸಂಕಟದಲ್ಲಿ ಅವಳಿಗೆ ತನ್ನ ಕಾಯಿಲೆಯೂ ಒಂದು ಗಳಿಗೆ ಮರೆತುಹೋಯಿತು.

ಅವನು ಕನ್ನಡಕ ಹಾಕಿಕೊಂಡ. ಸಿಟ್ಟು ಬಂದಿತ್ತು, ಆದರೆ ಅವನ ಸಿಟ್ಟಿಗೂ ದನಿ ಇರುತ್ತಿರಲಿಲ್ಲ. "ಒಂದು ಕೇಳ್ತೀನಿ ಮೇಡಂ. ನೀನು ಚೆನ್ನಾಗಿದೆ ಅಂದವರು ಯಾರೂ ಗಾಡಿ ಕಲೀಲಿಲ್ಲ. ಸರಿ. ಅವರಿಗೆ ಬರಲ್ಲ ಅಂತ ಕಲೀಲಿಲ್ವಾ, ಇಲ್ಲ ನೀನು ಬರಲ್ಲ ಅಂತ ಅಂದ್ಕೊಂಡು ಕಲಿಸೋದನ್ನ ಬಿಟ್ಟೆ ಅಂತ ಕಲೀಲಿಲ್ವಾ? ಅದು ನಿನಗೆ ಹೇಗೆ ಗೊತ್ತು?"

ಅವನು ಇಳಿದು ಬಸ್ ಸ್ಟಾಪಿನ ಕಡೆ ನಡೆದುಬಿಟ್ಟ. ಅವಳು ಒಬ್ಬಳೇ ಆ ಸೀಟಿನಲ್ಲಿ ಬ್ರೇಕಿನ ಮೇಲೆ ಕಾಲಿಟ್ಟುಕೊಂಡು ಕೂತಳು. ನಿಂತ ಗಾಡಿಗೆ ಬ್ರೇಕ್ ಹಿಡಿದುಕೊಂಡು ಕೂತಿದ್ದೇನಲ್ಲ ಎಂದು ಸ್ವಲ್ಪ ಹೊತ್ತಿನ ಮೇಲೆ ಹೊಳೆಯಿತು. ತಾನು ಕೈಮುಗಿದು ಕಳಿಸಿದವರ ಮುಖಗಳನ್ನು ನೆನಪಿಸಿಕೊಳ್ಳಲು ನೋಡಿದಳು. ಅವರಲ್ಲಿ ಒಬ್ಬರಾದರೂ, ಬೈದು ತಿದ್ದಿದ್ದರೆ ಕಲಿಯುತ್ತಿದ್ದರೋ ಏನೋ, ಯಾರಿಗೆ ಗೊತ್ತು. ಪರೀಕ್ಷೆ ಮಾಡಿಯೇ ಇಲ್ಲದ ತೀರ್ಪನ್ನು ಅವಳು ಇಷ್ಟು ವರ್ಷ ಸರಿಯೆಂದು ನಂಬಿದ್ದಳು. ಹಾಗೆಂದು ಅವಳಿಗೆ ಧೈರ್ಯವೇನೂ ಬರಲಿಲ್ಲ. ಇದ್ದ ಒಂದು ಆಧಾರವೂ ಕೈತಪ್ಪಿದ ಹಾಗಾಯಿತು.

ಮರುದಿನ ಬೆಳಿಗ್ಗೆ ಗಂಡ ಅಂಗಡಿಗೆ ಹೋಗಲಿಲ್ಲ. ಚಹಾ ಕುಡಿದು, ಹೊರಡು ಎಂದ. ಅವಳು ಮರುಮಾತಾಡದೆ ಹೊರಟಳು. ಸರ್ಜನ್ನರು ಹೋದ ಸಲದಂತೆಯೇ ಎದ್ದು ಕುರ್ಚಿ ಎಳೆದರು. ಅವರು ಬಾಯಿ ತೆರೆಯುವ ಮುಂಚೆಯೇ ಗಂಡ ಕೇಳಿದ, "ಡಾಕ್ಟ್ರೇ, ತಪ್ಪು ತಿಳ್ಕೋಬೇಡಿ. ನೀವು ಯಾರಿಗೆ ಬೈತೀರಿ?"

ಸರ್ಜನ್ನರು ಇಬ್ಬರ ಮುಖವನ್ನೂ ನೋಡಿದರು. ಜನ ಖರ್ಚು ಕೇಳುತ್ತಾರೆ, ಪಥ್ಯ ಕೇಳುತ್ತಾರೆ, ಆಯುಸ್ಸು ಕೇಳುತ್ತಾರೆ, ಇದನ್ನು ಯಾರೂ ಕೇಳಿರಲಿಲ್ಲ. ಗಂಡ ಬಿಡಿಸಿ ಹೇಳಿದ. ಡ್ರೈವಿಂಗ್ ಸ್ಕೂಲಿನ ಪದ್ಧತಿ, ಚೆನ್ನಾಗಿದೆ ಎಂಬ ಮಾತಿನ ಅರ್ಥ, ಅವತ್ತು ಬಾಗಿಲಾಚೆ ಕೇಳಿಸಿದ್ದು, ಎಲ್ಲ. ತನ್ನ ವಿಷಯವನ್ನು ಮಾತ್ರ ಹೇಳಲಿಲ್ಲ. ಬ್ರೇಕಕ್ಕ ನೆಲ ನೋಡುತ್ತಿದ್ದಳು. ಸರ್ಜನ್ನರು ನಗುತ್ತಾರೆ ಎಂದುಕೊಂಡಿದ್ದಳು, ಅವರು ನಗಲಿಲ್ಲ.

"ನಾನು ಬೈಯೋದು ನನ್ನ ಕೈಲಿ ಮಾಡೋಕೆ ಏನೂ ಉಳಿದಿಲ್ಲದಾಗ," ಎಂದರು. "ಬೈಬಾರದು, ನನಗೂ ಗೊತ್ತು. ಸಿಟ್ಟು ಇರೋದು ಕಾಯಿಲೆ ಮೇಲೆ, ಎದುರಿಗಿರೋರ ಮೇಲೆ ಹೋಗುತ್ತೆ. ನಿಮಗ್ಯಾಕೆ ಬೈಲಿ ಅಮ್ಮ? ನಿಮ್ಮ ಹತ್ರ ನನಗಿನ್ನೂ ಕೆಲಸ ಇದೆ."

ಬ್ರೇಕಕ್ಕನ ತಲೆಯೊಳಗೆ ಎಲ್ಲ ತಲೆಕೆಳಗಾಯಿತು. ತಾನು ಹೊಟ್ಟೆಕಿಚ್ಚುಪಟ್ಟ ಆ ಮನುಷ್ಯ ತಲೆ ತಗ್ಗಿಸಿಕೊಂಡು ಹೊರಗೆ ಬಂದದ್ದು ಕಣ್ಣಿಗೆ ಕಟ್ಟಿತು. ಅವನ ಬಗ್ಗೆ ಕೇಳಬೇಕೆನ್ನಿಸಿತು, ಕೇಳಲು ಬಾಯಿ ಬರಲಿಲ್ಲ. ಒಂದು ಕಸುಬಿನಲ್ಲಿ ಬೈಗುಳ ಅಂದರೆ ಆಸೆ, ಇನ್ನೊಂದರಲ್ಲಿ ಬೈಗುಳ ಅಂದರೆ ಕೈಚೆಲ್ಲಿದ್ದು. ಹಾಗಾದರೆ ಅತ್ತೆಯ ಗಾದೆ ಎಲ್ಲಿ ಹೋಯಿತು?

ಆಮೇಲೆ ಅವಳು ಎಪ್ಪತ್ತು ಐವತ್ತರ ಲೆಕ್ಕ ಕೇಳಿದಳು. ಸರ್ಜನ್ನರು ಮತ್ತೆ ಹಾಳೆ ತೆಗೆದರು. ಮತ್ತೆ ಬಂದವರೆಲ್ಲ ಸಾಯುವುದಿಲ್ಲ, ಮತ್ತೆ ಬಂದೂ ಬದುಕಿರುವವರು ಆ ಎಪ್ಪತ್ತರೊಳಗೇ ಇದ್ದಾರೆ, ಅದಕ್ಕೇ ಕೂಡಿಸಿದರೆ ನೂರು ಮೀರುತ್ತದೆ ಎಂದರು. ಚಿಕ್ಕದಿರುವಾಗಲೇ ಕಂಡರೆ ಸೂಜಿ ಹಾಕಿ ಸುಡಬಹುದು, ಇನ್ನೊಮ್ಮೆ ಕತ್ತರಿಸಬಹುದು, ಕೆಲವರಿಗೆ ಲಿವರನ್ನೇ ಬದಲಾಯಿಸಬಹುದು. ಕಾಣಬೇಕಾದರೆ ಸ್ಕ್ಯಾನಿಂಗ್ ತಪ್ಪಿಸಬಾರದು, ವೈರಸ್ಸಿನ ಮಾತ್ರೆ ಬಿಡಬಾರದು. ಅವಳಿಗೆ ಇಷ್ಟು ಅರ್ಥವಾಯಿತು: ಏರುದಾರಿಯಲ್ಲಿ ಗಾಡಿ ಆಫ್ ಆದರೆ ಅದು ಅಪಘಾತವಲ್ಲ, ಹಿಂದಕ್ಕೆ ಜಾರುವುದನ್ನು ನೋಡದೆ ಕೂತರೆ ಅಪಘಾತ.

"ನಾನು ಆ ಎಪ್ಪತ್ತರಲ್ಲಿ ಇದ್ದೀನಾ?" ಎಂದು ಕೇಳಿದಳು.

"ಗೊತ್ತಿಲ್ಲ," ಎಂದರು ಸರ್ಜನ್ನರು. "ಸುಳ್ಳು ಹೇಳಲ್ಲ. ನನಗೆ ಗೊತ್ತಿಲ್ಲ."

ಅದನ್ನೂ ಅವರು ಮೆತ್ತಗೇ ಹೇಳಿದರು. ಆ ದನಿಯಿಂದ ಒಳ್ಳೆಯದನ್ನೂ ಹಿಂಡಲಾಗದೆ ಕೆಟ್ಟದ್ದನ್ನೂ ಹಿಂಡಲಾಗದೆ ಬ್ರೇಕಕ್ಕ, ಸರಿ, ಯಾವತ್ತು ಬರಲಿ ಎಂದು ಕೇಳಿದಳು. ಧೈರ್ಯ ಬಂದು ಕೇಳಿದ್ದಲ್ಲ. ಬಯಲಿನಲ್ಲಿ ಗಂಡ ಕೇಳಿದ ಪ್ರಶ್ನೆಗೆ ಅವಳ ಹತ್ತಿರ ಇನ್ನೂ ಉತ್ತರ ಇರಲಿಲ್ಲ, ಅದಕ್ಕೆ.

ಆಪರೇಷನ್ನಿನ ದಿನ ತಳ್ಳುಗಾಡಿಯ ಮೇಲೆ ಮಲಗಿಸಿಕೊಂಡು ಹೋಗುವಾಗ ಅವಳು ಚಾವಣಿಯ ದೀಪಗಳನ್ನು ನೋಡುತ್ತಿದ್ದಳು. ತಿರುವು ಬಂದಾಗೆಲ್ಲ ತಳ್ಳುವವನು ಸ್ವಲ್ಪ ಜೋರಾಗಿ ತಿರುಗಿಸುತ್ತಿದ್ದ. ಒಳಗೆ ಹೋದ ಮೇಲೆ ನರ್ಸಮ್ಮ, ಬಲಗಾಲು ಯಾಕಿಷ್ಟು ಬಿಗಿ ಹಿಡಿದಿದ್ದೀರಿ, ಸಡಿಲ ಬಿಡಿ ಎಂದಳು. ಆಗಲೇ ಅವಳಿಗೆ ಗೊತ್ತಾದದ್ದು, ಮನೆಯಿಂದ ಹೊರಟಾಗಿನಿಂದ ಆ ಕಾಲು ಬ್ರೇಕು ಹುಡುಕುತ್ತಿತ್ತು ಎಂದು. ಇಲ್ಲಿ ಪಕ್ಕದ ಸೀಟು ಇರಲಿಲ್ಲ. ಸ್ಟೀರಿಂಗು ಬೇರೆಯವರ ಕೈಯಲ್ಲಿ, ಅವಳ ಕಾಲಡಿಗೆ ಬರೀ ಹಾಸಿಗೆ. ಅವಳಿಗೆ ವಿಪರೀತ ಭಯವಾಯಿತು. ಕಾಲು ಬಿಡುವಷ್ಟರಲ್ಲಿ ಮದ್ದು ಏರಿ ನಿದ್ದೆ ಬಂತು.

ಎದ್ದಾಗ ಬಲಪಕ್ಕೆಯ ಕೆಳಗೆ ಉದ್ದದ ಗಾಯ, ಹೊಟ್ಟೆಯಿಂದ ಹೊರಟ ಒಂದು ಕೊಳವೆ, ನಾಲಿಗೆ ಒಣಗಿ ಅಂಗುಳಿಗೆ ಅಂಟಿತ್ತು. ಮರುದಿನವೇ ಎಬ್ಬಿಸಿ ನಡೆಸಿದರು. ಮನೆಗೆ ಬಂದ ಮೇಲೆ ತೆಗೆದ ಭಾಗದ ಪರೀಕ್ಷೆಯ ಫಲ ಬಂತು. ಸರ್ಜನ್ನರು ವಿವರಿಸಿದರು. ಕತ್ತರಿಸಿದ ಅಂಚು ಶುದ್ಧವಾಗಿದೆ, ಗೆಡ್ಡೆ ಪೂರ್ತಿ ಬಂದಿದೆ. ಆದರೆ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕೂದಲೆಳೆಯಂಥ ಒಂದು ರಕ್ತನಾಳದಲ್ಲಿ ಕ್ಯಾನ್ಸರಿನ ಕಣಗಳು ಕಂಡಿವೆ, ಮತ್ತೆ ಬರುವ ಸಾಧ್ಯತೆಯನ್ನು ಅದು ಸ್ವಲ್ಪ ಹೆಚ್ಚಿಸುತ್ತದೆ. ಇದು ಒಳ್ಳೆಯ ಸುದ್ದಿಯೋ ಕೆಟ್ಟ ಸುದ್ದಿಯೋ ಎಂದು ಅತ್ತೆ ಕೇಳಿದರು. ಎರಡೂ ಅಂತೆ ಎಂದಳು ಬ್ರೇಕಕ್ಕ. ಎರಡೂ ಹೇಗಾಗುತ್ತೆ ಎಂದು ಅತ್ತೆಗೆ ರೇಗಿತು. ನುಂಗಲೂ ಆಗದ ಉಗುಳಲೂ ಆಗದ ಬಿಸಿತುಪ್ಪವನ್ನು ಬಾಯಿಗೆ ಹಾಕಿ ಕಳಿಸಿದ್ದಾನೆ ನಿಮ್ಮ ಡಾಕ್ಟರು ಎಂದು ಗೊಣಗಿಕೊಂಡು ಪಾತ್ರೆ ತೊಳೆಯಲು ಹೋದರು. ಆ ವಾರವೆಲ್ಲ ಪಾತ್ರೆಗಳ ಸದ್ದು ಜೋರಾಗಿತ್ತು.

ಗಾಯ ಮಾಯುವವರೆಗೂ ಗಾಡಿ ಓಡಿಸಬಾರದು ಎಂದಿದ್ದರು. ಕಾರು ರಸ್ತೆ ಬದಿಯಲ್ಲಿ ಧೂಳು ಹಿಡಿಯಿತು. ಒಂದು ದಿನ ಗಂಡ ಅಂಗಡಿಯಿಂದ ಬಂದವನು ಹೊಸದಾಗಿ ಮಾಡಿಸಿದ ತನ್ನ ಕಲಿಯುವವರ ಲೈಸೆನ್ಸನ್ನು ಅವಳ ಮುಂದಿಟ್ಟ. ಬಯಲಿನ ಆ ಮಧ್ಯಾಹ್ನದ ಮಾತನ್ನು ಅವರಿಬ್ಬರೂ ಮತ್ತೆ ಎತ್ತಿರಲಿಲ್ಲ. ಕಲಿಸುತ್ತೀಯಾ ಎಂದ. ಅವಳು ಹೂಂ ಎಂದಳು. ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ ಬಯಲಿನಲ್ಲಿ ಅಭ್ಯಾಸ. ಕಾಲಡಿಯ ಬ್ರೇಕನ್ನು ಒತ್ತಿದರೆ ಗಾಯಕ್ಕೆ ಚುಚ್ಚುತ್ತಿತ್ತು, ಆದರೂ ಒತ್ತುತ್ತಿದ್ದಳು. ಅವನು ಗೂಟ ಬೀಳಿಸಿದಾಗ ಬಾಯಿಗೆ ಬರುತ್ತಿದ್ದದ್ದು ಹಳೆಯ ಮಾತೇ. ಪರವಾಗಿಲ್ಲ, ಚೆನ್ನಾಗಿದೆ. ಅವನು ಅದನ್ನು ಕೇಳಿ ತುಟಿ ಬಿಗಿಯುತ್ತಿದ್ದ. ಅವನಿಗೆ ಬೈಯಬೇಕು ಎಂದು ಅವಳಿಗೂ ಅನ್ನಿಸುತ್ತಿತ್ತು, ಬಾಯಿ ಏಳುತ್ತಿರಲಿಲ್ಲ. ಬೈಯುವುದಕ್ಕೆ ಮುಂದಿನದೊಂದು ಕಾಣಬೇಕಲ್ಲ, ಅವಳಿಗೆ ಮುಂದಿನ ಸ್ಕ್ಯಾನಿಂಗಿನಾಚೆ ಏನೂ ಕಾಣುತ್ತಿರಲಿಲ್ಲ.

ಆ ಸ್ಕ್ಯಾನಿಂಗಿನ ದಿನ ಅವನೇ ಓಡಿಸಿದ. ಸರ್ಜನ್ನರು ಪರದೆಯ ಮೇಲಿನ ಚಿತ್ರಗಳನ್ನು ತುಂಬಾ ಹೊತ್ತು ನೋಡಿದರು, ಹುಬ್ಬು ಗಂಟಿಕ್ಕಿತು. ಬ್ರೇಕಕ್ಕ ಮನಸ್ಸಿನಲ್ಲೇ ಬೇಡಿಕೊಂಡಳು, ಬೈಯದೆ ಇರಲಪ್ಪ ಎಂದು. ಅವತ್ತು ಫೋನಿನಲ್ಲಿ ಬೈಯಲಿ ಎಂದು ಕಾದವಳೂ ಅವಳೇ. ಅವರು ತಿರುಗಿ, ಲಿವರ್ ಚೆನ್ನಾಗಿ ಬೆಳೆದುಕೊಂಡಿದೆ, ಹೊಸದೇನೂ ಕಾಣುತ್ತಿಲ್ಲ, ಮೂರು ತಿಂಗಳು ಬಿಟ್ಟು ಬನ್ನಿ ಎಂದು ಅದೇ ಬೆಣ್ಣೆಯಂಥ ದನಿಯಲ್ಲಿ ಹೇಳಿದರು. ಹಾಗಾದರೆ ಗುಣವಾಯಿತಾ ಎಂದು ಗಂಡ ಕೇಳಿದ. ಸದ್ಯಕ್ಕೆ ಏನೂ ಇಲ್ಲ, ಅಷ್ಟೇ ಹೇಳಬಲ್ಲೆ ಎಂದರು. ಈ ಸಲವೂ ಬಾಗಿಲವರೆಗೆ ಬಂದರು.

ವಾಪಸು ಬರುವಾಗ ಖುಷಿಪಡಬೇಕೋ ಬೇಡವೋ ಅವಳಿಗೆ ತಿಳಿಯಲಿಲ್ಲ. ಸೇತುವೆಯ ಏರಿನಲ್ಲಿ ಕೆಂಪು ದೀಪ ಬಿತ್ತು. ಹಿಂದೆ ಒಂದು ಬಸ್ಸು ಮೂಗು ತಾಗಿಸುವಷ್ಟು ಹತ್ತಿರ ನಿಂತಿತ್ತು. ಹಸಿರು ಬಿದ್ದಾಗ ಗಂಡ ಕ್ಲಚ್ಚನ್ನು ಒಮ್ಮೆಲೇ ಬಿಟ್ಟ. ಗಾಡಿ ಒಮ್ಮೆ ಎಗರಿ ಆಫ್ ಆಯಿತು, ಅಂಗೈಯಷ್ಟು ಹಿಂದಕ್ಕೆ ಜಾರಿತು. ಅವಳ ಕಾಲು ಬ್ರೇಕಿಗೆ ಹೋಯಿತು. ಬಸ್ಸು ಹಾರ್ನ್ ಒತ್ತಿತು, ಅದರ ಹಿಂದಿನವರೂ ಒತ್ತಿದರು.

ಪರವಾಗಿಲ್ಲ, ಚೆನ್ನಾಗಿಯೇ ಬಿಟ್ಟಿರಿ ಎಂದಳು.

ಅವನು ಕೈಬ್ರೇಕ್ ಎಳೆದ. ಕೀಲಿ ತಿರುಗಿಸಲಿಲ್ಲ. ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಅವಳ ಕಡೆ ತಿರುಗಿ ಕೂತುಬಿಟ್ಟ. ಹಿಂದೆ ಇಡೀ ರಸ್ತೆ ಬೊಬ್ಬೆ ಹಾಕುತ್ತಿತ್ತು. "ನನಗೆ ಗಾಡಿ ಬರುತ್ತಾ ಬರಲ್ವಾ?" ಎಂದು ಕೇಳಿದ. "ನಿಜ ಹೇಳು ಮೇಡಂ."

ಗೊತ್ತಿಲ್ಲ ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂತು. ಅವಳು ಅವನ ಮುಖ ನೋಡಿದಳು, ಕನ್ನಡಕದ ಹಿಂದೆ ಕಣ್ಣು ಒದ್ದೆಯಾಗಿತ್ತು. ಅಷ್ಟರಲ್ಲಿ ಅದೆಲ್ಲಿತ್ತೋ, ಹೊಟ್ಟೆಯ ಆಳದಿಂದ, ಗಾಯದ ಪಕ್ಕದಿಂದಲೇ ಎದ್ದು ಬಂತು.

"ಅದು ಕಾಲೋ ಒನಕೆಯೋ? ಯಾರಾದ್ರೂ ಹಾಗೆ ಕ್ಲಚ್ ಬಿಡ್ತಾರಾ? ಕಣ್ಣು ಎಲ್ಲಿತ್ತು, ಬಸ್ಸು ಬೆನ್ನಿಗೆ ಹತ್ತೋದು ಕಾಣಲ್ವಾ? ಜ್ಞಾನ ಇದೆಯಾ ನಿಮಗೆ? ಇನ್ನು ಹತ್ತು ವರ್ಷ ನನ್ನನ್ನ ಸ್ಕ್ಯಾನಿಂಗಿಗೆ ಕರ್ಕೊಂಡು ಹೋಗ್ಬೇಕಾದೋರು ನೀವು, ಹೀಗೆ ಓಡಿಸಿದ್ರೆ ಆಸ್ಪತ್ರೆ ಸೇರೋ ಮುಂಚೆ ದಾರಿಲೇ ಸಾಯ್ತೀನಿ ನಾನು."

ಹತ್ತು ವರ್ಷ ಎಂದದ್ದು ಇಬ್ಬರಿಗೂ ಕೇಳಿಸಿತು. ಯಾವ ಡಾಕ್ಟರೂ ಆ ಮಾತು ಹೇಳಿರಲಿಲ್ಲ. ಅವಳು ಬಾಯಿ ಮುಚ್ಚಿಕೊಂಡು ಎದುರಿಗೆ ನೋಡಿದಳು. ಬ್ರೇಕಿನ ಮೇಲಿದ್ದ ಕಾಲನ್ನು ನಿಧಾನವಾಗಿ ತೆಗೆದು ಪಕ್ಕಕ್ಕಿಟ್ಟಳು. ಅವನು ಕನ್ನಡಕದ ಕೆಳಗೆ ಬೆರಳು ತೂರಿಸಿ ಕಣ್ಣೊರೆಸಿಕೊಂಡು, ಕೀಲಿ ತಿರುಗಿಸಿ, ಕ್ಲಚ್ಚು ಬಿಟ್ಟ.

ಗಾಡಿ ಮತ್ತೆ ಆಫ್ ಆಯಿತು. ಅವಳು ಮತ್ತೆ ಬೈದಳು.